ಫಿಟರ್ ದುಂಡೇಶ ಮಾರಿದ ಗಾಡಿ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟರ್ ದುಂಡೇಶ ಎಂದರೆ ಗೊತ್ತಿಲ್ಲದವರು ಕಡಿಮೆ. ಓಡುತ್ತಿರುವ ಪಂಪಿನ ಮೈಗೆ ಸ್ಕ್ರೂಡ್ರೈವರಿನ ತುದಿ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅರ್ಧ ನಿಮಿಷವಾದ ಮೇಲೆ ಒಳಗಿನ ಯಾವ ಬೇರಿಂಗು ಸವೆದಿದೆ, ಇನ್ನೆಷ್ಟು ದಿನ ತಾಳೀತು ಎಂದು ಹೇಳುತ್ತಿದ್ದ. ಹೇಳಿದ್ದು ಬಹುತೇಕ ಹಾಗೆಯೇ ಆಗುತ್ತಿತ್ತು. ಇಂಜಿನಿಯರುಗಳು ಬದಲಾದರು, ಮ್ಯಾನೇಜರುಗಳು ಬಂದು ಹೋದರು, ದುಂಡೇಶನ ಮಾತನ್ನು ತೆಗೆದುಹಾಕಿದವರಿಲ್ಲ. ಅವನ ಅಪ್ಪ ದುರ್ಗಪ್ಪ ಗೋಕಾಕದ ಕಡೆಯಿಂದ ಬಂದು ಇದೇ ಕಾರ್ಖಾನೆಯ ಅಂಗಳದಲ್ಲಿ ಲಾರಿಯಿಂದ ಬಿದಿರು ಇಳಿಸುತ್ತಿದ್ದವನು. ಮಗ ಫಿಟರ್ ಆದದ್ದೇ ಆ ಮನೆಗೆ ದೊಡ್ಡ ಸಂಗತಿ. ತನ್ನ ಮಾತಿಗಿದ್ದ ಬೆಲೆಯೇ ತನ್ನ ಆಸ್ತಿ ಎಂಬುದು ದುಂಡೇಶನಿಗೂ ಗೊತ್ತಿತ್ತು. ಆ ಆಸ್ತಿಯನ್ನು ಅವನು ಒಂದು ಮುಂಜಾನೆ, ಎರಡೇ ಶಬ್ದದಲ್ಲಿ ಕಳೆದುಕೊಂಡ.

ಅವನು ಗಾಡಿ ಕೊಂಡದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ. ಕಾರಿಗಿಂತ ಎತ್ತರ, ಜೀಪಿಗಿಂತ ಮೋಟು, ಬೆನ್ನಿಗೆ ಸ್ಟೆಪ್ನಿ ಹೊತ್ತುಕೊಂಡ ಹಸಿರು ಬಣ್ಣದ ಗಾಡಿ. ಬೆಳಗಾವಿಯ ಗುತ್ತಿಗೆದಾರನೊಬ್ಬ ನಾಲ್ಕು ವರ್ಷ ಓಡಿಸಿ ಬಿಟ್ಟದ್ದು. ಅಂಬೇವಾಡಿಯಲ್ಲಿ ಅವನ ಓಣಿಯವರು ಅದಕ್ಕೆ ಗಿಡ್ಡ ಜೀಪು ಎಂದು ಹೆಸರಿಟ್ಟರು. ಕಾರ್ಖಾನೆಯ ಕೆಲಸಗಾರರಲ್ಲಿ ಸ್ಕೂಟರು, ಹೆಚ್ಚೆಂದರೆ ಬೈಕು ಇದ್ದ ಕಾಲ ಅದು. ದುಂಡೇಶ ಆಯ್ತವಾರ ಮುಂಜಾನೆ ಬಾಗಿಲ ಮುಂದೆ ಬಕೆಟ್ ಇಟ್ಟುಕೊಂಡು ಗಾಡಿ ತೊಳೆಯಲು ನಿಂತನೆಂದರೆ ಹೋಗುವವರು ಬರುವವರು ಒಂದು ಗಳಿಗೆ ನಿಂತು ಮಾತಾಡಿಸಿ ಹೋಗುತ್ತಿದ್ದರು. ತೊಳೆಯುವುದು ಅರ್ಧ ತಾಸಿನ ಕೆಲಸ. ಅವನು ಅದನ್ನು ಎರಡು ತಾಸು ಮಾಡುತ್ತಿದ್ದ.

ಮೊದಲ ವರ್ಷ ಸುಖವಾಗಿಯೇ ಕಳೆಯಿತು. ಹೆಂಡತಿ ನಿರ್ಮಲಾ, ಇಬ್ಬರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಗೋಕಾಕಕ್ಕೆ ಹೋಗಿ ಬಂದ. ಜೋಯಿಡಾ ಕಡೆ ಯಾರದಾದರೂ ಮನೆಯಲ್ಲಿ ಕಾರ್ಯವಿದ್ದರೆ ಗೆಳೆಯರನ್ನು ಹತ್ತಿಸಿಕೊಂಡು ಹೋದ. ಕುಂಬಾರವಾಡದ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತ ಮುದುಕರನ್ನು ತಾನಾಗಿ ಕರೆದು ಕೂಡಿಸಿಕೊಂಡು ದೊಡ್ಡವನೆನಿಸಿಕೊಂಡ.

ಎರಡನೇ ವರ್ಷ ಗಾಡಿ ಖರ್ಚು ಕೇಳಲು ಶುರು ಮಾಡಿತು. ಮೊದಲು ಕ್ಲಚ್ ಪ್ಲೇಟು, ಆಮೇಲೆ ಮುಂದಿನ ಗಾಲಿಯ ಬುಷ್ಷುಗಳು, ಅದರ ಬೆನ್ನಿಗೇ ನಾಲ್ಕು ಟೈರು. ಬಿಡಿಭಾಗ ದಾಂಡೇಲಿಯಲ್ಲಿ ಸಿಗುತ್ತಿರಲಿಲ್ಲ, ಹುಬ್ಬಳ್ಳಿಗೇ ಹೋಗಬೇಕು. ಹೋದರೆ ಒಂದು ದಿನದ ರಜೆ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಂಡೇಶ ಯಂತ್ರಗಳಿಗೆ ಏನು ಬೇಕೋ ಅದನ್ನು ಸ್ಟೋರಿಗೆ ಚೀಟಿ ಬರೆದು ತರಿಸಿದವನು. ಬೇರಿಂಗು ಹೋಗುವ ಮೊದಲೇ ಬದಲಿಸಬೇಕು, ಹೋದ ಮೇಲೆ ಬದಲಿಸುವುದು ಫಿಟರನ ಕೆಲಸವಲ್ಲ ಎಂದು ಹೊಸಬರಿಗೆ ಪಾಠ ಹೇಳಿದವನು. ಈಗ ಚೀಟಿ ಬರೆದರೆ ಅದು ತನ್ನ ಕಿಸೆಗೇ ಬರುತ್ತದೆ ಎಂದಾದಾಗ ಅವನ ಕೈ ಹಿಂಜರಿಯಿತು. ಈ ತಿಂಗಳು ಆಯಿಲ್ ಬದಲಿಸುವುದು ಬೇಡ, ಇನ್ನೊಂದು ತಿಂಗಳು ನಡೆಯುತ್ತದೆ ಎಂದ. ರೇಡಿಯೇಟರಿನ ಹಳೆಯ ಪೈಪು ಉಬ್ಬಿದ್ದು ಕಂಡರೂ ಮೇಲೆ ತಂತಿ ಬಿಗಿದು ಸುಮ್ಮನಾದ. ಅದೇ ತಿಂಗಳು ಸೀಟುಗಳಿಗೆ ಹೊಸ ಕವರು ಹಾಕಿಸಿದ. ಸೀಟು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ಪೈಪು ಯಾರಿಗೆ ಕಾಣಬೇಕು.

ಎರಡು ಸಾವಿರದ ಮೂರರ ದೀಪಾವಳಿ ಮುಗಿದ ಮೇಲೆ ಕುಂಬಾರವಾಡದ ಏರಿನಲ್ಲಿ ಆ ಪೈಪು ಒಡೆಯಿತು. ಗಾಡಿಯಲ್ಲಿ ಆರು ಜನ. ಸೂಜಿ ಕೆಂಪು ಗೆರೆ ದಾಟಿದ್ದನ್ನು ದುಂಡೇಶ ನೋಡಿದ. ನಡುರಸ್ತೆಯಲ್ಲಿ ನಿಲ್ಲಿಸಿದರೆ ಗೆಳೆಯರ ಮುಂದೆ ಮಾನ ಹೋಗುತ್ತದೆ, ಏರು ಇನ್ನೇನು ಮುಗಿಯಿತು ಎಂದು ಒಂದು ಮೈಲಿ ಎಳೆದ. ಕಾರ್ಖಾನೆಯಲ್ಲಿ ಯಾವನಾದರೂ ಕಾದ ಯಂತ್ರವನ್ನು ಹಾಗೆ ಓಡಿಸಿದ್ದರೆ ಅವನನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದವನು ಅವನೇ.

ಹಳಿಯಾಳದಲ್ಲಿ ಸಾತಪ್ಪ ಎಂಬ ಮೆಕ್ಯಾನಿಕ್ ಇದ್ದ. ವಯಸ್ಸಾದವನು, ಮಾತು ಕಡಿಮೆ. ಇಂಜಿನ್ ಬಿಚ್ಚಿ ನೋಡಿ, ಅದರ ತಲೆಭಾಗವನ್ನು, ಹೆಡ್ಡು ಎನ್ನುತ್ತಾರಲ್ಲ ಅದನ್ನು, ಬೆಳಕಿಗೆ ಹಿಡಿದು ತೋರಿಸಿದ. ಕೂದಲೆಳೆಯಷ್ಟು ಸಣ್ಣ ಸೀಳು. ಕಾದು ಸೀಳಿದ್ದು. ಮೇಲೆ ಏನು ಬಳಿದರೂ ಇದು ನೀರು ನುಂಗುತ್ತದೆ, ಮತ್ತೆ ಕಾಯುತ್ತದೆ, ಒಂದು ದಿನ ಇಂಜಿನ್ ಪೂರ್ತಿ ಬಿಗಿಯುತ್ತದೆ, ಹೊಸ ಹೆಡ್ಡೇ ಹಾಕಬೇಕು ಎಂದು ಸಾತಪ್ಪ ಹೇಳಿದ. ಅದರ ಬೆಲೆ ದುಂಡೇಶನ ಎರಡು ತಿಂಗಳ ಪಗಾರಕ್ಕೆ ಹತ್ತಿರ ಬಂತು. ಸದ್ಯಕ್ಕೆ ಮುಚ್ಚಿ ಕೊಡು ಎಂದು ದುಂಡೇಶ ಕೇಳಿದ. ಸಾತಪ್ಪ ಅವನ ಮುಖ ನೋಡಿದ. ನನಗೆ ಹೇಳಬೇಕಾದವರೇ ನೀವು, ನಿಮಗೆ ನಾನೇನು ಹೇಳಲಿ ಎಂಬಂತಿತ್ತು ಆ ನೋಟ. ಮುಚ್ಚಿ ಕೊಟ್ಟ.

ಆ ಮೇಲಿನ ಎರಡು ತಿಂಗಳು ದುಂಡೇಶ ಗಾಡಿ ಹೊರಗೆ ತೆಗೆದದ್ದು ಕಡಿಮೆ. ತೆಗೆದರೂ ಸಪಾಟು ರಸ್ತೆಯಲ್ಲಿ, ತಂಪು ಹೊತ್ತಿನಲ್ಲಿ. ಹಿಂದೆ ಐದು ಲೀಟರಿನ ನೀರಿನ ಕ್ಯಾನು ಯಾವಾಗಲೂ ಇರುತ್ತಿತ್ತು. ಆಗಲೇ ಅವನಿಗೆ ಗಾಡಿ ದಾಟಿಸಿಬಿಡುವ ಯೋಚನೆ ಬಂದದ್ದು. ಕಾರ್ಖಾನೆಗೆ ನೀಲಗಿರಿ ಕಟ್ಟಿಗೆ ತರುವ ಲಾರಿಯವನ ಮುಂದೆ ಮಾತು ತೆಗೆದ. ಹದಿನೈದು ದಿನದಲ್ಲಿ ಮುಂಡಗೋಡದಿಂದ ಒಬ್ಬ ಗಿರಾಕಿ ಬಂದ.

ಅವನ ಹೆಸರು ಖೇಮಪ್ಪ. ಮುಂಡಗೋಡದ ಹತ್ತಿರದ ಒಂದು ತಾಂಡಾದವನು, ಮೂವತ್ತೈದರ ಆಸುಪಾಸು. ನಾಲ್ಕಾರು ಮನೆಗಳ ಹಾಲು ಕೂಡಿಸಿ ಟಿಬೆಟನ್ ಕಾಲೊನಿಯ ಹೋಟೆಲುಗಳಿಗೂ ಅಲ್ಲಿನ ಒಂದು ಬೌದ್ಧ ಮಠದ ಅಡಿಗೆಮನೆಗೂ ಹಾಕುತ್ತಿದ್ದ. ಅಷ್ಟು ವರ್ಷ ಸೈಕಲ್ಲಿನ ಮೇಲೆ ಕ್ಯಾನು ಕಟ್ಟಿಕೊಂಡು ಓಡಾಡಿದ್ದ. ಗಾಡಿಯೊಂದಾದರೆ ಆ ಕಾಲೊನಿಯ ಇನ್ನೆರಡು ಕ್ಯಾಂಪಿನವರು ಹಾಲು ತೆಗೆದುಕೊಳ್ಳಲು ತಯಾರಿದ್ದಾರೆ, ಮಳೆಗಾಲದಲ್ಲಿ ಕೆಸರಿಗೆ ಹೆದರದ ಗಾಡಿಯೇ ಬೇಕು ಎಂದು ಹೇಳಿದ. ಅದಕ್ಕಾಗಿ ಅವನ ಹೆಂಡತಿ ಗೋಮಿಬಾಯಿ ಮೂರು ಎಮ್ಮೆ ಮಾರಲು ಒಪ್ಪಿದ್ದಳು.

ಅವನು ಬರುವ ಹಿಂದಿನ ದಿನ ದುಂಡೇಶ ತಯಾರಿ ಮಾಡಿಕೊಂಡಿದ್ದ. ನೀರು ಸೇರಿ ಹಾಲು ಹಾಕಿದ ಚಹಾದಂತಾಗಿದ್ದ ಆಯಿಲ್ ತೆಗೆದು ಹೊಸದನ್ನು ಸುರಿದ, ಅದೂ ಹೊಗೆ ಕಾಣದಿರಲೆಂದು ದಪ್ಪನೆಯದನ್ನು. ಅಡಿಗೆಮನೆಯಿಂದ ಅರಿಶಿಣದ ಪುಡಿ ತಂದು ರೇಡಿಯೇಟರಿಗೆ ಹಾಕಿದ. ಲಾರಿಯವರು ದಾರಿಯಲ್ಲಿ ಸಣ್ಣ ತೂತು ಬಿದ್ದರೆ ಮಾಡುವ ಉಪಾಯ ಅದು. ಪುಡಿ ಹೋಗಿ ಸಂದಿಯಲ್ಲಿ ಕೂತು ನೀರು ತಡೆಯುತ್ತದೆ, ಊರು ಮುಟ್ಟುವವರೆಗೆ. ನಿರ್ಮಲಾ ಅರಿಶಿಣ ಯಾಕೆಂದು ಕೇಳಿದಾಗ ಗಾಡಿಗೆ ಎಂದಷ್ಟೇ ಹೇಳಿದ.

ಖೇಮಪ್ಪ ಮುಂಜಾನೆಯ ಬಸ್ಸಿಗೆ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ ಎತ್ತಿ ತೋರಿಸಿದರೆ ನೋಡಿ, ನಾಚಿಕೊಂಡವನಂತೆ ಹಿಂದೆ ಸರಿದ. ಜೊತೆಗೆ ಊರಿನ ಡ್ರೈವರನೊಬ್ಬನಿದ್ದ, ಮೆಕ್ಯಾನಿಕ್ಕನನ್ನು ಕರೆತಂದಿರಲಿಲ್ಲ.

"ಅಣ್ಣಾರ, ನನಗ ಇಂಜಿನ್ನದ್ದು ಏನೂ ತಿಳ್ಯಾಂಗಿಲ್ಲ," ಎಂದ. "ನೀವು ಫಿಟರ್ ಅದೀರಿ ಅಂತ ಲಾರಿಯಾಂವ ಹೇಳ್ಯಾನ. ಗಾಡಿ ಛಲೋ ಐತೇನು, ಅಷ್ಟ ಹೇಳ್ರಿ. ಸಾಕು."

"ಛಲೋ ಐತಿ," ಎಂದ ದುಂಡೇಶ.

ಅಷ್ಟೇ. ಖೇಮಪ್ಪ ಮತ್ತೇನೂ ಕೇಳಲಿಲ್ಲ. ಚೌಕಾಸಿಯನ್ನೂ ಹೆಚ್ಚು ಮಾಡಲಿಲ್ಲ. ನಿರ್ಮಲಾ ಕೊಟ್ಟ ಅವಲಕ್ಕಿ ತಿಂದು, ಆ ಡ್ರೈವರನನ್ನು ಸ್ಟೇರಿಂಗಿಗೆ ಕೂಡಿಸಿ, ತಾನು ಪಕ್ಕದಲ್ಲಿ ಕೂತು ಹೋದ. ಓಣಿಯ ತಿರುವಿನವರೆಗೆ ಹಿಂದೆ ತಿರುಗಿ ಕೈ ಮಾಡುತ್ತಲೇ ಇದ್ದ.

ದುಂಡೇಶ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮುಂಡಗೋಡದ ಕಡೆ ಘಟ್ಟವಿಲ್ಲ, ಗೋವಿನಜೋಳದ ಹೊಲಗಳ ನಡುವಿನ ಸಪಾಟು ರಸ್ತೆ. ಹಾಲು ಹಾಕುವುದು ಮುಂಜಾನೆಯ ತಂಪಿನಲ್ಲಿ. ನಿಧಾನ ಓಡಿಸಿದರೆ ವರ್ಷಾನುಗಟ್ಟಲೆ ನಡೆದೀತು. ಇದನ್ನೆಲ್ಲ ಹೇಳಿಕೊಳ್ಳುವಾಗಲೇ ಇದು ಸುಳ್ಳೆಂದು ಅವನ ಕಸುಬು ಹೇಳುತ್ತಿತ್ತು. ಮುಂದಿನ ಆಯ್ತವಾರ ಬಾಗಿಲ ಮುಂದೆ ತೊಳೆಯಲು ಏನೂ ಇರಲಿಲ್ಲ. ಯಾಕೆ ಮಾರಿದಿ ಎಂದು ಕೇಳಿದವರಿಗೆ ಪೆಟ್ರೋಲಿನ ಖರ್ಚು ಎಂದ. ನಿಧಾನಕ್ಕೆ ಮರೆತೂ ಹೋಯಿತು, ಅಥವಾ ಮರೆತೆನೆಂದುಕೊಂಡ.

ಮೂರೂವರೆ ತಿಂಗಳಾದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ಪಾಳಿ ಮುಗಿಸಿ ಮನೆಗೆ ಬಂದರೆ ಖೇಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಬಟ್ಟೆಯಿಂದ ಬಾಯಿ ಕಟ್ಟಿದ ಒಂದು ಡಬ್ಬಿ. ದುಂಡೇಶ ಅಲ್ಲೇ ನಿಂತ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡ, ಏನು ಹೇಳಬೇಕೆಂದು ಗಡಿಬಿಡಿಯಲ್ಲಿ ಯೋಚಿಸಿದ. ಮಾರುವಾಗ ಸರಿ ಇತ್ತು, ನೀವು ಹೇಗೆ ಓಡಿಸಿದಿರೋ ನನಗೇನು ಗೊತ್ತು. ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

ಖೇಮಪ್ಪ ಎದ್ದು ನಿಂತು ಕೈ ಮುಗಿದ.

"ನನ್ನ ಕಡಿಂದ ತಪ್ಪಾತ್ರಿ, ಅಣ್ಣಾರ. ಅಷ್ಟು ಛಲೋ ಗಾಡಿ ಕೊಟ್ಟಿದ್ರಿ, ಹಾಳ ಮಾಡಿಕೊಂಡೆ."

ನಡೆದದ್ದನ್ನು ಅವನೇ ಹೇಳಿದ. ಎಂಟು ದಿನದ ಹಿಂದೆ, ಮಠದಲ್ಲಿ ಏನೋ ದೊಡ್ಡ ಪೂಜೆಯಿದ್ದು ಹೆಚ್ಚಿನ ಹಾಲು ಬೇಕೆಂದಿದ್ದರಂತೆ. ಸುತ್ತಿನ ತಾಂಡಾಗಳಿಂದ ಕೂಡಿಸಿ, ಬಿಸಿಲೇರಿದ ಮೇಲೆ ತುಂಬಿದ ಕ್ಯಾನುಗಳೊಂದಿಗೆ ಹೊರಟಿದ್ದ. ದಾರಿಯಲ್ಲಿ ಗಾಡಿ ಬಿಳಿ ಹೊಗೆ ಬಿಟ್ಟು, ಕರಕರ ಸದ್ದು ಮಾಡಿ ನಿಂತಿತು, ಮತ್ತೆ ಕದಲಲಿಲ್ಲ. ಎತ್ತಿನ ಬಂಡಿ ಹುಡುಕಿ ತರುವಷ್ಟರಲ್ಲಿ ಹಾಲೆಲ್ಲ ಒಡೆದಿತ್ತು. ಮಠದವರು ಬೈಯಲಿಲ್ಲ, ಆದರೆ ಮರುದಿನದಿಂದ ಬೇರೆಯವನ ಹತ್ತಿರ ಹಾಲು ತೆಗೆದುಕೊಂಡರು. ಹೋಟೆಲಿನವರೂ ಹಾಗೆಯೇ ಮಾಡಿದರು. ದಿನಾ ನೀರು ನೋಡಬೇಕೆಂದು ತನಗೆ ತಿಳಿಯಲಿಲ್ಲ, ಹೊರೆಯೂ ಹೆಚ್ಚಾಯಿತೇನೋ ಎಂದು ಖೇಮಪ್ಪ ಹೇಳುತ್ತಲೇ ಹೋದ. ಹೇಳುವಾಗ ಅವನ ಕಣ್ಣು ನೆಲ ನೋಡುತ್ತಿತ್ತು. ದುಂಡೇಶನಿಗೆ ನೋಡಲು ನೆಲವೂ ಉಳಿಯಲಿಲ್ಲ. ಮುಂಡಗೋಡದ ಮೆಕ್ಯಾನಿಕ್ಕರು ಇಂಜಿನ್ನೇ ಬದಲಿಸಬೇಕು ಅಂತಾರೆ, ನೀವು ಒಮ್ಮೆ ಬಂದು ನೋಡಿದರೆ ಉಪಕಾರವಾಗುತ್ತದೆ, ನಿಮ್ಮ ಕೈಗೆ ಗೊತ್ತಿದ್ದ ಗಾಡಿ ಎಂದ. ಡಬ್ಬಿಯಲ್ಲಿ ಗೋಮಿಬಾಯಿ ಕಾಸಿ ಕಳಿಸಿದ ತುಪ್ಪವಿತ್ತು.

ಬರುತ್ತೇನೆ ಎಂದ ದುಂಡೇಶ. ಸಂಜೆ ನಿರ್ಮಲಾ ಬಿಸಿ ಅನ್ನಕ್ಕೆ ಆ ತುಪ್ಪ ಬಡಿಸಿದಳು. ಮಕ್ಕಳು ಬೆರಳು ಚೀಪಿ ಉಂಡವು. ಅವನು ಹೊಟ್ಟೆ ಸರಿಯಿಲ್ಲ ಎಂದು ಮಜ್ಜಿಗೆ ಕುಡಿದು ಎದ್ದ.

ಆಯ್ತವಾರ ಹತಾರಗಳ ಚೀಲ ಹೊತ್ತು ಹಳಿಯಾಳಕ್ಕೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಮುಂಡಗೋಡ ಮುಟ್ಟಿದ. ದಾರಿಯುದ್ದಕ್ಕೂ ಒಂದೇ ಯೋಚನೆ. ತಾನೇ ಬಿಚ್ಚಿ, ತಾನೇ ತೊಳೆದು, ಹೊಸ ಹೆಡ್ಡು ಹಾಕಿ ಕೊಟ್ಟರೆ ಆಯಿತು. ಒಳಗಿನದನ್ನು ಯಾರೂ ನೋಡಬೇಕಾಗಿಲ್ಲ, ಹೇಳುವ ಪ್ರಸಂಗವೇ ಬರುವುದಿಲ್ಲ. ಗಾಡಿ ಸರಿಯಾದರೆ ಅವರಿಗೆ ಅಷ್ಟು ಸಾಕಲ್ಲ.

ತಾಂಡಾದ ಅಂಗಳದಲ್ಲಿ ಗಿಡ್ಡ ಜೀಪು ಹುಣಸೆಯ ನೆರಳಿಗೆ ನಿಂತಿತ್ತು. ಅದನ್ನು ತೊಳೆದು ಇಟ್ಟಿದ್ದರು. ಸೀಟಿನ ಕವರುಗಳನ್ನು ಬಿಚ್ಚಿ ಒಗೆದು ಮತ್ತೆ ಹಾಕಿದ್ದರು. ಕೊಟ್ಟಿಗೆಯ ಗೂಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ದುಂಡೇಶ ಖೇಮಪ್ಪನಿಗೆ ಸೀಮೆ ಎಣ್ಣೆ ತರಲು ಹೇಳಿ ಕಳಿಸಿದ. ಅವನು ತಿರುಗುವುದರೊಳಗೆ ರೇಡಿಯೇಟರ್ ಖಾಲಿ ಮಾಡಿಬಿಡಬೇಕೆಂದಿತ್ತು. ಆದರೆ ಗೋಮಿಬಾಯಿ ಅಲ್ಲೇ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಕೆಳಗಿನ ತಿರುಪು ಬಿಚ್ಚಿದಾಗ ಮೊದಲು ನೀರು ಬಂತು, ಅದರ ಹಿಂದೆ ಹಳದಿ ರಾಡಿ ಬುದುಬುದು ಇಳಿಯಿತು.

ಅದೇನು ಎಂದು ಅವಳು ಕೇಳಿದಳು. ತುಕ್ಕು ಎಂದ ದುಂಡೇಶ. ಅವಳು ಮೊರ ಕೆಳಗಿಟ್ಟು ಬಂದು, ಬಗ್ಗಿ, ಎರಡು ಬೆರಳಲ್ಲಿ ಒಂದಿಷ್ಟು ತೆಗೆದುಕೊಂಡು ತಿಕ್ಕಿದಳು, ಮೂಗಿನ ಹತ್ತಿರ ಒಯ್ದಳು.

"ಅರಿಶಿಣ ಇದು," ಎಂದಳು.

ಖೇಮಪ್ಪ ಸೀಮೆ ಎಣ್ಣೆಯ ಬಾಟಲಿ ಹಿಡಿದು ಅದೇ ಹೊತ್ತಿಗೆ ಬಂದ. ಅವಳು ತಮ್ಮ ಭಾಷೆಯಲ್ಲಿ ಗಂಡನಿಗೆ ಏನೋ ಹೇಳಿದಳು. ಖೇಮಪ್ಪ ನಕ್ಕು, ಹೊಸ ಗಾಡಿ ತಂದಾಗ ಪೂಜೆ ಮಾಡಿದ್ದೆವಲ್ಲ, ಆಗ ಬಿದ್ದಿರಬೇಕು ಎಂದ. ಹೌದಲ್ಲವೇ ಅಣ್ಣಾರ ಎಂದು ದುಂಡೇಶನನ್ನೇ ಕೇಳಿದ. ದುಂಡೇಶ ಹೌದು ಎಂದು ತಲೆ ಆಡಿಸಿದ. ಆಮೇಲಿನ ವರ್ಷಗಳಲ್ಲಿ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಆ ತಲೆಯಾಡಿಸಿದ್ದೇ. ಮಾರುವಾಗ ಹೇಳಿದ ಸುಳ್ಳಿಗೆ ಖರ್ಚಿನ ಭಯವಾದರೂ ಇತ್ತು. ಇದು, ಮೋಸ ಹೋದವನೇ ಮುಂದೆ ಮಾಡಿದ ನೆಪವನ್ನು ಕೈಚಾಚಿ ತೆಗೆದುಕೊಂಡದ್ದು.

ಅವನು ಬಗ್ಗಿ ಹೆಡ್ಡಿನ ಬೋಲ್ಟುಗಳನ್ನು ಬಿಚ್ಚತೊಡಗಿದ. ಗೋಮಿಬಾಯಿ ಕಟ್ಟೆಗೆ ಮರಳಲಿಲ್ಲ. ಹೆಡ್ಡು ಎತ್ತಿದಾಗ ಒಳಗಿನ ನೀರಿನ ದಾರಿಗಳಲ್ಲೆಲ್ಲ ಅದೇ ಹಳದಿ ಗಟ್ಟಿಯಾಗಿ ಕೂತಿತ್ತು, ಸೀಳಿನ ಮೇಲೆ ಸಾತಪ್ಪ ಬಳಿದಿದ್ದ ಅಂಟು ಕಪ್ಪಗೆ ಸುಟ್ಟು ಎದ್ದು ನಿಂತಿತ್ತು.

"ಪೂಜಾದ್ದು ಇಷ್ಟು ಒಳಗ ಹೆಂಗ ಹೋತ್ರಿ?" ಎಂದು ಅವಳು ಕೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯಬೇಕೆಂದು ಕೇಳುವ ಹಾಗೆಯೇ ಕೇಳಿದಳು.

ದುಂಡೇಶ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ, ಸಿಗಲಿಲ್ಲ, ಅಂಗಿಗೇ ಒರೆಸಿಕೊಂಡ.

"ನಾನ ಹಾಕಿದ್ದು," ಎಂದ. "ನೀರು ಸೋರೂದು ಕಾಣಬಾರದು ಅಂತ. ಹೆಡ್ ಸೀಳೇತಿ ಅನ್ನೂದು ಮಾರೂಕಿಂತ ಮೊದಲ ನನಗ ಗೊತ್ತಿತ್ತು."

ಪಕ್ಕದ ಮನೆಯಲ್ಲಿ ಯಾರೋ ಒರಳಿನಲ್ಲಿ ಏನೋ ಕುಟ್ಟುವ ಸದ್ದು ಬರುತ್ತಿತ್ತು. ಖೇಮಪ್ಪ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಅವತ್ತು ನಾ ಕೇಳಿದ್ದೆ ಅಲ್ರಿ," ಎಂದ ಕೊನೆಗೆ.

"ಕೇಳಿದ್ರಿ."

ಅವನು ಬಾಟಲಿಯನ್ನು ನೆಲದ ಮೇಲಿಟ್ಟು, ಕೊಟ್ಟಿಗೆಗೆ ಹೋಗಿ, ಉಳಿದಿದ್ದ ಎರಡು ಎಮ್ಮೆ ಬಿಚ್ಚಿಕೊಂಡು ಕೆರೆಯ ಕಡೆ ನಡೆದ. ನೀರು ಕುಡಿಸುವ ಹೊತ್ತೇನೂ ಆಗಿರಲಿಲ್ಲ.

ದುಂಡೇಶ ಬೈಗುಳಕ್ಕೆ ಕಾದ. ಯಾರಾದರೂ ಕೊರಳ ಪಟ್ಟಿ ಹಿಡಿದಿದ್ದರೆ, ಊರ ಹಿರಿಯರನ್ನು ಕರೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಹಾಗೇನೂ ಆಗಲಿಲ್ಲ. ಮಧ್ಯಾಹ್ನ ಗೋಮಿಬಾಯಿ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟು, ಉಣ್ಣಿರಿ ಎಂದು ಹೇಳಿ ಒಳಗೆ ಹೋದಳು. ಬೇಡ ಎನ್ನುವ ಅಧಿಕಾರ ತನಗಿಲ್ಲ ಎನಿಸಿತು. ಉಂಡ. ಆ ಅಂಗಳದಲ್ಲಿ ಒಬ್ಬನೇ ಕೂತು ರೊಟ್ಟಿ ಮುರಿಯುವಾಗ, ಹೋಗುವ ಬರುವ ತಾಂಡಾದವರು ಖೇಮಪ್ಪನ ಮನೆಗೆ ಬಂದ ದೊಡ್ಡ ಮನುಷ್ಯ ಎಂದು ನಮಸ್ಕಾರ ಮಾಡಿ ಹೋದರು. ಖೇಮಪ್ಪ ಕೆರೆಯಿಂದ ತಿರುಗಿ ಬಂದ ಮೇಲೆ, ಗಾಡಿ ಪೂರ್ತಿ ಸರಿ ಮಾಡಿ ಕೊಡುತ್ತೇನೆ, ಎಲ್ಲ ಖರ್ಚು ನನ್ನದು ಎಂದು ದುಂಡೇಶ ಹೇಳಿದ. ಆಗಲಿ ಸಾಹೇಬ್ರ ಎಂದ ಖೇಮಪ್ಪ. ಅಣ್ಣಾರ ಎಂಬ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ನಿರ್ಮಲಾಳಿಗೆ ಎಲ್ಲ ಹೇಳಿದ. ಹಬ್ಬಕ್ಕೆ ಬಂದ ಬೋನಸ್ಸು ಬ್ಯಾಂಕಿನಲ್ಲಿತ್ತು, ಅದನ್ನು ತೆಗೆಯಬೇಕಾಗುತ್ತದೆ ಎಂದೂ ಹೇಳಿದ. ಅವಳು ಹಣದ ಮಾತು ಕೇಳಿದಳೋ ಇಲ್ಲವೋ. "ಅವರು ತಂದ ತುಪ್ಪ ನಾ ಮಕ್ಕಳಿಗೆ ಬಡಿಸಿದ್ನಲ್ರೀ," ಎಂದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹಾಗೆ, ಗುರುತು ಸಿಗದವರನ್ನು ನೋಡುವಂತೆ ನೋಡಿದ್ದಿಲ್ಲ.

ನಾಲ್ಕು ಆಯ್ತವಾರ ಹಿಡಿಯಿತು. ಹುಬ್ಬಳ್ಳಿಯಿಂದ ಹೊಸ ಹೆಡ್ಡು ತಂದ. ಬಿಗಿದ ಪಿಸ್ಟನ್ನುಗಳನ್ನು ಹಳಿಯಾಳಕ್ಕೆ ಒಯ್ದು ಸಾತಪ್ಪನ ಕೈಯಿಂದ ಬಿಡಿಸಿ ಸರಿ ಮಾಡಿಸಿದ. ಗಾಡಿ ಮಾರಿದ ಸುದ್ದಿ ಸಾತಪ್ಪನಿಗೆ ಮುಟ್ಟಿತ್ತು, ಏನಾಯಿತೆಂದು ಅವನು ಕೇಳಲೇ ಇಲ್ಲ. ಕೂಲಿ ಮಾತ್ರ ಅರ್ಧ ತೆಗೆದುಕೊಂಡ, ಉಳಿದರ್ಧ ಗಾಡಿ ಕೊಂಡವರಿಗೆ ನನ್ನ ಕಡೆಯಿಂದ ಎಂದ. ನಾನು ಮುಚ್ಚಿ ಕೊಡಬಾರದಾಗಿತ್ತು ಎಂದೂ ಹೇಳಿದ. ಆ ಮುದುಕ ತನ್ನ ಪಾಲಿನ ತಪ್ಪನ್ನು ತಾನಾಗಿ ಎತ್ತಿಕೊಂಡದ್ದನ್ನು ನೋಡಿ ದುಂಡೇಶ ಇನ್ನಷ್ಟು ಕುಗ್ಗಿದ. ಗೋಣಿಚೀಲದಲ್ಲಿ ಸುತ್ತಿದ ಇಂಜಿನ್ನಿನ ಭಾಗಗಳನ್ನು ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಹೋಗುವಾಗ ಕಾರ್ಖಾನೆಯ ಪರಿಚಯದವರು ಸಿಕ್ಕರೆ, ಯಾರದೋ ಕೆಲಸ ಎಂದು ಹೇಳುತ್ತಿದ್ದ. ಅಲ್ಲಿಯೂ ನಿಜ ಹೇಳಲು ಆಗಲಿಲ್ಲ.

ಈ ಸಲ ಅವನು ಏನನ್ನೂ ಬಿಡಲಿಲ್ಲ. ನೀರಿನ ಪೈಪುಗಳೆಲ್ಲ ಹೊಸವು. ಫ್ಯಾನ್ ಬೆಲ್ಟು, ಥರ್ಮೋಸ್ಟಾಟು, ಬ್ರೇಕಿನ ಎಣ್ಣೆ. ಕೊನೆಯ ದಿನ ಖೇಮಪ್ಪನನ್ನು ಕೂಡಿಸಿಕೊಂಡು, ನೀರು ಎಲ್ಲಿ ನೋಡಬೇಕು, ಆಯಿಲ್ಲಿನ ಕಡ್ಡಿಯಲ್ಲಿ ಗೆರೆ ಎಲ್ಲಿರಬೇಕು, ಸೂಜಿ ಎಲ್ಲಿಗೆ ಬಂದರೆ ಗಾಡಿ ನಿಲ್ಲಿಸಲೇಬೇಕು ಎಂದು ತೋರಿಸಿದ. ಖೇಮಪ್ಪ ಗಮನವಿಟ್ಟು ಕಲಿತ. ಗಾಡಿ ಶುರುವಾದಾಗ ಅವನ ಮುಖದಲ್ಲಿ ಸಂತೋಷ ಬಂತು, ಅದನ್ನು ದುಂಡೇಶನ ಜೊತೆ ಹಂಚಿಕೊಳ್ಳದೆ ಹೆಂಡತಿಯ ಕಡೆ ತಿರುಗಿದ. ಹೋದ ಗಿರಾಕಿಗಳು ಮಾತ್ರ ಎಲ್ಲರೂ ತಿರುಗಿ ಬರಲಿಲ್ಲ. ಮಠದ ಹಾಲು ಮತ್ತೆ ಸಿಗಲು ಒಂದು ವರ್ಷ ಬೇಕಾಯಿತು. ಮಾರಿದ ಎಮ್ಮೆಗಳನ್ನು ತಿರುಗಿ ಕಟ್ಟಲು ಇನ್ನೂ ಹೆಚ್ಚು. ಅದಕ್ಕೆ ದುಂಡೇಶನ ಹತಾರದ ಚೀಲದಲ್ಲಿ ಏನೂ ಇರಲಿಲ್ಲ.

ಕಾರ್ಖಾನೆಯಲ್ಲಿ ಅವನ ಹೆಸರಿಗೆ ಏನೂ ಆಗಲಿಲ್ಲ, ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಂಪಿನ ಮುಂದೆ ನಿಂತು ಇದು ಇನ್ನು ಹತ್ತು ದಿನ ಎಂದರೆ ಎಲ್ಲರೂ ನಂಬುತ್ತಿದ್ದರು. ಅವನು ಮಾತ್ರ ಹೇಳಿದ ಮೇಲೆ ಮತ್ತೊಮ್ಮೆ ಹೋಗಿ ನೋಡಿ ಬರುತ್ತಿದ್ದ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಖೇಮಪ್ಪನ ಫೋನು ಬಂತು. ಹಾಲಿಗೆಂದು ಸಣ್ಣ ಟೆಂಪೋ ತೆಗೆದುಕೊಂಡಿದ್ದೇನೆ, ಗಿಡ್ಡ ಜೀಪು ಮಾರುವವನಿದ್ದೇನೆ, ಆಯ್ತವಾರ ಗಿರಾಕಿ ಬರುತ್ತಾನೆ, ನೀವೂ ಬರಬೇಕು ಎಂದ. ಗಾಡಿ ಛಲೋ ಇದೆ ಎಂದು ಫಿಟರನ ಬಾಯಿಂದ ಹೇಳಿಸಲು ಕರೆಯುತ್ತಿದ್ದಾನೆ ಎಂದುಕೊಂಡ ದುಂಡೇಶ. ಹೇಳಿದರಾಯಿತು, ಅಷ್ಟಾದರೂ ಋಣ ತೀರಲಿ ಎಂದುಕೊಂಡು ಹೋದ. ಗಿರಾಕಿ ಬರುವ ಮೊದಲು ಗಾಡಿಯನ್ನು ಒಮ್ಮೆ ಓಡಿಸಿ, ಕೆಳಗೆ ಬಗ್ಗಿ ನೋಡಿಕೊಂಡ.

ಗಿರಾಕಿ ಚನಬಸಪ್ಪ ಎಂಬ ಹಳಿಯಾಳ ಕಡೆಯ ರೈತ. ಮೂವರೂ ಗಾಡಿಯ ಸುತ್ತ ನಿಂತರು. ಗೋಮಿಬಾಯಿ ಚಹಾ ತಂದಿಟ್ಟಳು. ಖೇಮಪ್ಪ ದುಂಡೇಶನ ಕಡೆ ತಿರುಗಿದ.

"ಇದರಾಗ ಏನೇನು ದೋಷ ಅದಾವು, ಎಲ್ಲಾ ಇವರಿಗೆ ಹೇಳ್ರಿ, ಸಾಹೇಬ್ರ. ನಾ ಹೇಳಿದ್ರ ಒಂದೆರಡು ಮರೀತೇನಿ."

ಅದರಲ್ಲಿ ಕೊಂಕು ಇದೆಯೇ ಎಂದು ದುಂಡೇಶ ಅವನ ಮುಖ ನೋಡಿದ. ಇರಲಿಲ್ಲ. ಕೊಳ್ಳುವವನಿಗೆ ತಿಳಿಸಿ ಕೊಡಬೇಕು ಎಂಬುದಕ್ಕಿಂತ ಹೆಚ್ಚಿನದೇನೂ ಆ ಮುಖದಲ್ಲಿರಲಿಲ್ಲ. ದುಂಡೇಶ ಬಾನೆಟ್ ಎತ್ತಿದ. ಇಂಜಿನ್ ಒಮ್ಮೆ ಬಿಗಿದು ಬಿಚ್ಚಿದ್ದು ಎಂದ. ಎರಡನೇ ಗೇರು ಕೆಲವೊಮ್ಮೆ ಜಿಗಿಯುತ್ತದೆ, ಇನ್ನೊಂದು ವರ್ಷಕ್ಕೆ ಗೇರ್ ಬಾಕ್ಸ್ ಬಿಚ್ಚಬೇಕಾದೀತು. ಎಡಗಡೆಯ ಬಾಗಿಲ ಕೆಳಗೆ ತುಕ್ಕು ತಿಂದಿದೆ. ಹಿಂದಿನ ಟೈರುಗಳು ಬರುವ ಮಳೆಗಾಲ ಕಾಣುವುದಿಲ್ಲ. ಪೆಟ್ರೋಲು ಹೊಸದಿದ್ದಾಗಿನದಕ್ಕಿಂತ ಹೆಚ್ಚು ಕುಡಿಯುತ್ತದೆ. ಬಿಡಿಭಾಗಕ್ಕೆ ಹುಬ್ಬಳ್ಳಿಗೇ ಹೋಗಬೇಕು. ವರ್ಷಕ್ಕೆ ಇಷ್ಟು ಎಂದು ತೆಗೆದಿಡದಿದ್ದರೆ ಈ ಗಾಡಿ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ.

ಹೇಳಿ ಮುಗಿಸಿದಾಗ ಚಹಾ ಇನ್ನೂ ಬಿಸಿಯಾಗಿತ್ತು. ಐದು ನಿಮಿಷ ಹಿಡಿದಿರಬೇಕು. ಚನಬಸಪ್ಪ ಎಲ್ಲ ಕೇಳಿಕೊಂಡು, ಬೆಲೆಯಲ್ಲಿ ಒಂದಿಷ್ಟು ಇಳಿಸಿ ಕೇಳಿದ. ಖೇಮಪ್ಪ ಒಪ್ಪಿದ. ವ್ಯವಹಾರ ಮುಗಿಯಿತು. ಆಕಾಶ ಕಳಚಿ ಬೀಳಲಿಲ್ಲ, ಯಾರ ಮಾನವೂ ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಅಂಬೇವಾಡಿಯ ತನ್ನ ಬಾಗಿಲಲ್ಲಿ ಬೇಕಾಗಿದ್ದದ್ದು ಇಷ್ಟೇ ಐದು ನಿಮಿಷ ಎಂದು ದುಂಡೇಶನಿಗೆ ಆ ಹೊತ್ತಿಗೆ ಹೊಳೆಯಿತು. ಇಷ್ಟು ದಿನ ಅವನು ತನ್ನ ತಪ್ಪನ್ನು ದೊಡ್ಡ ಸಂಕಟಕ್ಕೆ ಸಿಕ್ಕವನ ತಪ್ಪು ಎಂದು ತಿಳಿದುಕೊಂಡಿದ್ದ. ಆ ಸಂಕಟ ಅಷ್ಟು ದೊಡ್ಡದೂ ಆಗಿರಲಿಲ್ಲ.

ಚನಬಸಪ್ಪ ಅವನ ಕೈ ಹಿಡಿದು, ಇಷ್ಟು ನಿಖರವಾಗಿ ಹೇಳುವ ಮಂದಿ ಈಗ ಸಿಗುವುದಿಲ್ಲ ಎಂದು ಹೊಗಳಿದ. ದುಂಡೇಶ ಖೇಮಪ್ಪನ ಕಡೆ ನೋಡಲಾರದೆ ಗಾಡಿಯ ಕಡೆ ನೋಡಿದ. ಖೇಮಪ್ಪ ಬಾಯಿ ಬಿಟ್ಟಿದ್ದರೆ ಒಂದು ವಾಕ್ಯ ಸಾಕಾಗಿತ್ತು. ಬಿಡಲಿಲ್ಲ.

ಚನಬಸಪ್ಪ ಗಾಡಿ ಶುರು ಮಾಡಿ ಹೊರಟ. ತಾಂಡಾದ ದಾರಿಗೆ ಇಳಿದು ತಿರುವು ತೆಗೆದುಕೊಳ್ಳುವಾಗ ದುಂಡೇಶ ಅಂಗಳದಿಂದ ಓಡಿದ. ಐವತ್ತರ ಹತ್ತಿರದ ಮನುಷ್ಯ, ಚಪ್ಪಲಿ ಒಂದು ಕಾಲಿನದು ಹಿಂದೆ ಉಳಿಯಿತು. ಗಾಡಿಯ ಹಿಂಬದಿಗೆ ಕೈಯಿಂದ ಬಡಿದು ನಿಲ್ಲಿಸಿದ. ಏದುಸಿರು ಬಿಡುತ್ತ, ನನ್ನ ಹತ್ತಿರ ಇದ್ದಾಗಿನಿಂದಲೂ ಮಳೆಯಲ್ಲಿ ವೈಪರ್ ಒಮ್ಮೊಮ್ಮೆ ನಿಲ್ಲುತ್ತದೆ, ಒಳಗಿನ ಫ್ಯೂಸ್ ಒತ್ತಿದರೆ ಮತ್ತೆ ಶುರುವಾಗುತ್ತದೆ, ಅದನ್ನು ಹೇಳುವುದು ಮರೆತಿದ್ದೆ ಎಂದ. ಚನಬಸಪ್ಪ ನಗುತ್ತ, ಇಷ್ಟಕ್ಕೆ ಓಡಿ ಬಂದಿರೇನು ಎಂದು ಹೇಳಿ ಹೋದ.

ದುಂಡೇಶ ಚಪ್ಪಲಿ ಎತ್ತಿಕೊಂಡು ತಿರುಗಿ ಬಂದ. ಖೇಮಪ್ಪ ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದ. ಚಹಾ ಆರಿರಬೇಕು, ಬೇರೆ ಮಾಡಿಸುತ್ತೇನೆ, ಕುಡಿದು ಹೋಗಿ ಎಂದ. ಬಸ್ಸಿನ ಹೊತ್ತಾಯಿತು ಎಂದು ದುಂಡೇಶ ಚೀಲ ಹೆಗಲಿಗೇರಿಸಿದ. ಬಸ್ಸಿಗೆ ಇನ್ನೂ ಒಂದೂವರೆ ತಾಸಿತ್ತು. ಅದು ಖೇಮಪ್ಪನಿಗೂ ಗೊತ್ತಿತ್ತು, ಆದರೆ ಅವನು ತಡೆಯಲಿಲ್ಲ.